ಅಳತೆ ಹಿಡಿದು ಡಿಸೈನ್ ಕಲಿಯುವುದು: ಕನ್ನಡದಲ್ಲಿ ಕೆಲಸ ಮಾಡುವವರಿಗೆ ಹನ್ನೆರಡು ವಾರದ ಅಭ್ಯಾಸ

ಹುಬ್ಬಳ್ಳಿ-ಧಾರವಾಡದ ಡಿಟಿಪಿ ಅಂಗಡಿ, ಗದಗಿನ ಪ್ರೆಸ್ಸು, ಹಾವೇರಿಯ ಫ್ಲೆಕ್ಸ್ ಅಂಗಡಿ ಎಲ್ಲೇ ನೋಡಿ, ಕೋರೆಲ್‌ಡ್ರಾ ಮತ್ತು ಫೋಟೋಶಾಪ್ ಚೆನ್ನಾಗಿ ಬಲ್ಲವರಿಗೆ ಕೊರತೆಯಿಲ್ಲ. ಲಗ್ನಪತ್ರಿಕೆಯೊಂದು ಅರ್ಧ ತಾಸಿನಲ್ಲಿ ತಯಾರಾಗುತ್ತದೆ. ಆದರೂ ಎರಡು ವರ್ಷದ ಹಿಂದಿನ ಪತ್ರಿಕೆಯನ್ನೂ ಇವತ್ತಿನದನ್ನೂ ಪಕ್ಕದಲ್ಲಿಟ್ಟರೆ ಫರಕು ಕಾಣದು. ತಂತ್ರಾಂಶ ಕಲಿತಲ್ಲಿಗೆ ಕಲಿಕೆ ನಿಂತಿರುತ್ತದೆ. ಕಳಿಸಿದ ಕೆಲಸ ಕಾಗದದ ಮೇಲೆ ಏನಾಯಿತು, ಓದುವವರ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಯಾವ ಒತ್ತಕ್ಷರ ಮುಂದಿನ ಸಾಲಿಗೆ ತಾಗಿತು ಎಂದು ಅಳೆದು ನೋಡುವ ರೂಢಿ ಬೆಳೆದಿರುವುದಿಲ್ಲ.

ಈ ಮಾರ್ಗದರ್ಶಿ ಆ ರೂಢಿಯನ್ನು ಕಟ್ಟಿಕೊಳ್ಳಲು. ದಿನಕ್ಕೆ ಒಂದು ತಾಸು, ವಾರಕ್ಕೆ ಇನ್ನೊಂದು ಅರ್ಧ ದಿನ ಮೀಸಲಿಟ್ಟರೆ ಹನ್ನೆರಡು ವಾರದಲ್ಲಿ ಮುಗಿಯುತ್ತದೆ. ಅಂಗಡಿಯಲ್ಲಿ ದುಡಿಯುತ್ತಲೇ ಮಾಡಬಹುದು. ಅದೇ ಒಳ್ಳೆಯದು ಕೂಡ, ಏಕೆಂದರೆ ಅಭ್ಯಾಸಕ್ಕೆ ಬೇಕಾದ ನಿಜವಾದ ಕೆಲಸ ದಿನವೂ ಕೈಗೆ ಬರುತ್ತಿರುತ್ತದೆ.

ಬೇಕಾಗುವ ಸಾಮಾನು

ಅರ್ಧ ಮಿ.ಮೀ. ಗುರುತಿರುವ 30 ಸೆಂ.ಮೀ. ಉಕ್ಕಿನ ಸ್ಕೇಲ್, ಒಂದು ಗ್ರಾಫ್ ಪುಸ್ತಕ, 2ಬಿ ಪೆನ್ಸಿಲ್, ಟ್ರೇಸಿಂಗ್ ಪೇಪರ್, 3 ಮಿ.ಮೀ. ಅಗಲದ ಚಪ್ಪಟೆ ಮೂತಿಯ ಪೆನ್ನು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ. ಮನೆಯ ಕಂಪ್ಯೂಟರಿನಲ್ಲಿ ಕೋರೆಲ್ ಇಲ್ಲದಿದ್ದರೆ ಇಂಕ್‌ಸ್ಕೇಪ್, ಪುಸ್ತಕ ಮತ್ತು ಕರಪತ್ರಕ್ಕೆ ಸ್ಕ್ರೈಬಸ್, ಫೋಟೊಗೆ ಗಿಂಪ್ ಹಾಕಿಕೊಳ್ಳಿ. ಮೂರೂ ಉಚಿತ, ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕನ್ನಡವನ್ನು ಸರಿಯಾಗಿ ತೋರಿಸುತ್ತವೆ. ಫಾಂಟುಗಳಲ್ಲಿ ನೋಟೋ ಸೆರಿಫ್ ಕನ್ನಡ, ಅನೇಕ್ ಕನ್ನಡ, ‘ಬಾಲೂ ತಮ್ಮ 2’, ಇಷ್ಟಿದ್ದರೆ ಮೂರು ತಿಂಗಳಿಗೆ ಸಾಕು. ಇವು ಗೂಗಲ್ ಫಾಂಟ್ಸ್‌ನಲ್ಲಿ ಬಿಟ್ಟಿ ಸಿಗುತ್ತವೆ. ‘ಹುಬ್ಬಳ್ಳಿ’ ಎಂಬ ಹೆಸರಿನದೇ ಒಂದು ಫಾಂಟೂ ಅಲ್ಲಿದೆ; ಗೀಟು ಒಂದೇ ದಪ್ಪದ್ದು, ನೋಡಲು ಹಗುರ, ಚಿಕ್ಕ ಶೀರ್ಷಿಕೆಗೆ ಚೆಂದ. ಆದರೆ ಅದಕ್ಕೆ ದಪ್ಪ ರೂಪವಿಲ್ಲ, ಹಾಗಾಗಿ ಅದೊಂದರಿಂದಲೇ ಇಡೀ ಪೋಸ್ಟರ್ ಮಾಡಲಾಗದು.

ಮೊದಲ ಎರಡು ವಾರ: ಸ್ಕೇಲ್ ಹಿಡಿದು ನೋಡುವುದು

ಇಪ್ಪತ್ತು ಮುದ್ರಿತ ವಸ್ತು ಕೂಡಿಹಾಕಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಧಾರವಾಡ ಪೇಡೆಯ ಡಬ್ಬಿ, ಬ್ಯಾಡಗಿ ಮೆಣಸಿನಕಾಯಿ ಪುಡಿಯ ಪೊಟ್ಟಣ, ಬೀಜದ ಚೀಟಿ, ಔಷಧದ ಅಂಗಡಿಯ ಬಿಲ್ಲು, ಕವನ ಸಂಕಲನದ ಮುಖಪುಟ ಏನಾದರೂ ಆಗಬಹುದು. ಚೆಂದದ್ದನ್ನಷ್ಟೇ ಆರಿಸಬೇಡಿ. ಓದಲು ತ್ರಾಸು ಕೊಡುವಂಥವು ಕನಿಷ್ಠ ಎಂಟಾದರೂ ಇರಲಿ.

ಪ್ರತಿಯೊಂದಕ್ಕೂ ಗ್ರಾಫ್ ಪುಸ್ತಕದ ಒಂದು ಪುಟ. ನಾಲ್ಕೂ ಅಂಚಿನಲ್ಲಿ ಬಿಟ್ಟ ಜಾಗ ಎಷ್ಟು ಮಿ.ಮೀ., ಎಷ್ಟು ಬಗೆಯ ಫಾಂಟು, ಎಷ್ಟು ಬಣ್ಣ, ಎಷ್ಟು ಗಾತ್ರದ ಅಕ್ಷರ ಎಂದು ಬರೆದುಕೊಳ್ಳಿ. ಅಕ್ಷರದ ಗಾತ್ರವನ್ನು ಪಾಯಿಂಟಿನಲ್ಲಿ ಊಹಿಸಬೇಡಿ. ‘ಗ’ ಅಥವಾ ‘ರ’ದಂಥ ಒತ್ತಿಲ್ಲದ ಅಕ್ಷರ ಹುಡುಕಿ ಅದರ ಎತ್ತರ ಅಳೆಯಿರಿ. ಒಂದು ಪಾಯಿಂಟ್ ಅಂದರೆ ಸುಮಾರು 0.353 ಮಿ.ಮೀ., ಆದ್ದರಿಂದ 12 ಪಾಯಿಂಟ್ ಅಂದರೆ 4.23 ಮಿ.ಮೀ. ಅಷ್ಟು ಎತ್ತರದ ಅಕ್ಷರ ಮಾತ್ರ ಎಲ್ಲಿಯೂ ಸಿಗದು. ಮೇಲಿನ ಗುಡಿಸಿಗೆ, ಕೆಳಗಿನ ಒತ್ತಿಗೆ ಜಾಗ ಬಿಟ್ಟು ಉಳಿದದ್ದರಲ್ಲಿ ಅಕ್ಷರದ ಒಡಲು ಕೂರಬೇಕು. ಕನ್ನಡ ಫಾಂಟುಗಳಲ್ಲಿ ಆ ಒಡಲು ಹೆಚ್ಚೂ ಕಡಿಮೆ ಅರ್ಧ. ಸರಿಯಾಗಿ ಎಷ್ಟು ಎಂಬುದು ಫಾಂಟಿನಿಂದ ಫಾಂಟಿಗೆ ಬೇರೆ. ಒಂದೇ 12 ಪಾಯಿಂಟಿನಲ್ಲಿ ಒಂದು ಫಾಂಟು ದೊಡ್ಡದಾಗಿ, ಇನ್ನೊಂದು ಸಣ್ಣದಾಗಿ ಕಾಣುವುದು ಇದೇ ಕಾರಣಕ್ಕೆ. ಇನ್ನು ಮುಂದೆ ಒಡಲಿನ ಮಿ.ಮೀ. ಲೆಕ್ಕದಲ್ಲೇ ಯೋಚಿಸಿ.

ಅಳತೆ ಮುಗಿದ ಮೇಲೆ ಆ ವಸ್ತುವನ್ನು ತಿರುಗಿಸಿಟ್ಟು, ನೆನಪಿನಲ್ಲಿ ಉಳಿದದ್ದನ್ನು ಮೂರು ಸಾಲು ಬರೆಯಿರಿ. ದೇವಸ್ಥಾನದ ಕರಪತ್ರದಲ್ಲಿ ತೇರಿನ ದಿನ ನೆನಪಿಗೆ ಬಾರದೆ ದೀಪದ ಚಿತ್ರವಷ್ಟೇ ನೆನಪಿದ್ದರೆ, ದೋಷ ಎಲ್ಲಿದೆ ಎಂಬುದು ಗೊತ್ತಾಯಿತು. ಅದೇ ಕರಪತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ಅಕ್ಷರಗಳ ಗುಂಪುಗಳನ್ನು ಬರೀ ಚೌಕಗಳಾಗಿ ತೆಗೆಯಿರಿ. ಐದಾರು ಚೌಕ ಬಂದರೆ ಜೋಡಣೆ ಸರಿಯಿದೆ. ಹದಿನೈದು ಬಂದರೆ ಓದುವವರು ಹದಿನೈದು ಕಡೆ ಹುಡುಕಬೇಕು ಎಂದರ್ಥ.

ಮೂರರಿಂದ ಐದನೆಯ ವಾರ: ಅಕ್ಷರ

ಇಲ್ಲಿ ಆತುರ ಬೇಡ. ನಮ್ಮ ಕಡೆಯ ಡಿಸೈನ್ ಕೆಲಸದಲ್ಲಿ ಹತ್ತರಲ್ಲಿ ಎಂಟು ಪಾಲು ಅಕ್ಷರವೇ. ಇಂಗ್ಲಿಷಿಗೆ ಬರೆದ ಪಾಠಗಳು ಇಲ್ಲಿ ಅರ್ಧ ದಾರಿಗೆ ಕೈಬಿಡುತ್ತವೆ.

ಗ್ರಾಫ್ ಪುಸ್ತಕದಲ್ಲಿ ನಾಲ್ಕು ಅಡ್ಡಗೆರೆ ಎಳೆಯಿರಿ. ನಡುವಿನ ಎರಡರ ಅಂತರ 10 ಮಿ.ಮೀ., ಅದು ಒಡಲಿನ ಜಾಗ. ಅದರ ಮೇಲೆ 5 ಮಿ.ಮೀ. ಗುಡಿಸು ಮತ್ತು ಏತ್ವಕ್ಕೆ, ಕೆಳಗೆ 8 ಮಿ.ಮೀ. ಒತ್ತಿಗೆ. ಚಪ್ಪಟೆ ಪೆನ್ನಿನಲ್ಲಿ ದಿನಕ್ಕೆ ಒಂದು ಪುಟ ಬರೆಯಿರಿ. ಬರೆಯಲು ಪದಗಳನ್ನು ಹುಡುಕಬೇಕಾಗಿಲ್ಲ, ನಮ್ಮ ಊರುಗಳ ಹೆಸರೇ ಸಾಕು. ‘ಗದಗ’ದಲ್ಲಿ ತಲೆಕಟ್ಟು ಬಿಟ್ಟರೆ ಮೇಲೆ ಕೆಳಗೆ ಏನೂ ಇಲ್ಲ. ‘ಧಾರವಾಡ’ದಲ್ಲಿ ‘ಧ’ದ ಅಡಿಯ ಗೀರು ಒಂದೇ ಸ್ವಲ್ಪ ಇಳಿಯುತ್ತದೆ. ‘ಹಾವೇರಿ’ಯ ಭಾರವೆಲ್ಲ ಮೇಲುಗಡೆ. ‘ಹುಬ್ಬಳ್ಳಿ’ಯಲ್ಲಿ ಎರಡು ಒತ್ತು ಪಕ್ಕಪಕ್ಕ ಕೆಳಗೆ ತೂಗುತ್ತವೆ. ‘ಲಕ್ಷ್ಮೇಶ್ವರ’ದಲ್ಲಿ ಒಂದೇ ಅಕ್ಷರಕ್ಕೆ ‘ಷ’ ಮತ್ತು ‘ಮ’ ಎರಡು ಒತ್ತು, ಪಕ್ಕದಲ್ಲಿ ಇನ್ನೊಂದು. ಕೈಯಲ್ಲಿ ಬರೆದಾಗ ಯಾವ ಪದ ಎಷ್ಟು ಜಾಗ ಕೇಳುತ್ತದೆ ಎಂಬುದು ಬೆರಳಿಗೆ ಗೊತ್ತಾಗುತ್ತದೆ. ಬಳಿಕ ‘ಹುಬ್ಬಳ್ಳಿ-ಧಾರವಾಡ’ ಎಂದು ಒಂದು ಬೋರ್ಡಿನಲ್ಲಿ ಕೂರಿಸುವಾಗ ಇಡೀ ಪದದ ಎತ್ತರದ ನಡುವನ್ನು ಬೋರ್ಡಿನ ನಡುವಿಗೆ ತರಬೇಡಿ. ಒಡಲಿನ ನಡುವನ್ನು ತನ್ನಿ. ತಂತ್ರಾಂಶದ ‘ಸೆಂಟರ್’ ಗುಂಡಿ ಒತ್ತನ್ನೂ ಸೇರಿಸಿ ಲೆಕ್ಕ ಹಾಕುವುದರಿಂದ ಹೆಸರು ಮೇಲಕ್ಕೆ ಹತ್ತಿ ಕೂತಂತೆ ಕಾಣುತ್ತದೆ. ಅಂಗಡಿಯ ಬೋರ್ಡುಗಳಲ್ಲಿ ಇದು ಬಹಳ ಕಾಣುವ ತಪ್ಪು.

ಸಾಲಿನ ಅಂತರಕ್ಕೆ ಬರೋಣ. ಇಂಗ್ಲಿಷಿಗೆ ಅಕ್ಷರದ ಗಾತ್ರದ 120 ಪ್ರತಿಶತ ಸಾಕಾಗುತ್ತದೆ; ಕನ್ನಡಕ್ಕೆ 140ರಿಂದ 160 ಬೇಕು. 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಸಾಲಿನಿಂದ ಶುರು ಮಾಡಿ. ಪರೀಕ್ಷೆಗೆ ಮೇಲಿನ ಸಾಲಿನಲ್ಲಿ ‘ಲಕ್ಷ್ಮೇಶ್ವರ’, ಅದರ ನೇರ ಕೆಳಗೆ ‘ಶಿರಹಟ್ಟಿ, ಹಿರೇಕೆರೂರು’ ಬರುವಂತೆ ಜೋಡಿಸಿ. ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗದಿದ್ದರೆ ಆ ಫಾಂಟಿಗೆ ಆ ಅಂತರ ಸಾಕು. ದೊಡ್ಡ ಶೀರ್ಷಿಕೆಯಲ್ಲಿ ಎರಡೇ ಸಾಲಿದ್ದು, ಮೇಲಿನದರಲ್ಲಿ ಒತ್ತಿಲ್ಲದಿದ್ದರೆ 115 ಪ್ರತಿಶತಕ್ಕೂ ಇಳಿಸಬಹುದು. ಅಂಥಲ್ಲಿ ಯಾವ ಪದ ಯಾವ ಸಾಲಿಗೆ ಬರಬೇಕು ಎಂದು ಒತ್ತು ನೋಡಿ ತೀರ್ಮಾನಿಸಿ.

ಕೈ ತಪ್ಪುವ ಜಾಗಗಳು ಇವು. ಒಂದೊಂದನ್ನೂ ಬೇಕೆಂದೇ ತಪ್ಪಾಗಿ ಮಾಡಿ, ಮುದ್ರಿಸಿ, ಮಸೂರದಲ್ಲಿ ನೋಡಿ.

ಅಕ್ಷರಗಳ ನಡುವಿನ ಅಂತರ ಹಿಗ್ಗಿಸುವುದು: ಇಂಗ್ಲಿಷಿನ ದೊಡ್ಡಕ್ಷರಕ್ಕೆ ಇದು ಒಪ್ಪುತ್ತದೆ. ಕನ್ನಡದಲ್ಲಿ ಕೆಲವು ತಂತ್ರಾಂಶಗಳು ‘ಕೀ’, ‘ಕೋ’ಗಳ ದೀರ್ಘವನ್ನು ಅಕ್ಷರದಿಂದ ದೂರ ತಳ್ಳುತ್ತವೆ, ಒತ್ತು ತನ್ನ ಅಕ್ಷರ ಬಿಟ್ಟು ಸರಿಯುತ್ತದೆ. ಸಾಲು ಉದ್ದ ಬೇಕೆಂದರೆ ಗಾತ್ರ ಹೆಚ್ಚಿಸಿ, ಇಲ್ಲವೇ ಅನೇಕ್ ಕನ್ನಡದಂಥ ಅಗಲದ ರೂಪ ಇರುವ ಫಾಂಟು ಬಳಸಿ.

ಎಳೆದು ಹಿಗ್ಗಿಸುವುದು, ಓರೆ ಮಾಡುವುದು: ಅಡ್ಡ ಎಳೆದರೆ ನಿಂತ ಗೀಟು ದಪ್ಪ, ಮಲಗಿದ ಗೀಟು ತೆಳು ಆಗಿ ದುಂಡು ಕೆಡುತ್ತದೆ. ಓರೆ ಅಕ್ಷರ ಕನ್ನಡದ ಬರವಣಿಗೆಯಲ್ಲಿ ಹುಟ್ಟಿದ್ದಲ್ಲ. ಎತ್ತಿ ತೋರಿಸಬೇಕಾದ ಕಡೆ ದಪ್ಪ ಅಕ್ಷರವೋ ಬಣ್ಣವೋ ಇರಲಿ.

ಸುತ್ತುಗೆರೆ: ಬ್ಯಾನರಿನಲ್ಲಿ ಹಳದಿ ಅಕ್ಷರಕ್ಕೆ ಕೆಂಪು ಗೆರೆ, ಅದರ ಹೊರಗೆ ಬಿಳಿ ಗೆರೆ ಹಾಕುವುದು ವಾಡಿಕೆ. ಗೆರೆ ಅರ್ಧ ಒಳಗೆ, ಅರ್ಧ ಹೊರಗೆ ಬೆಳೆಯುವುದರಿಂದ ‘ಅ’, ‘ಹ’, ‘ಷ’ಗಳ ಒಳಗಿನ ಕಿಂಡಿ ಮುಚ್ಚಿಹೋಗುತ್ತದೆ. ಕೋರೆಲ್‌ನಲ್ಲಿ ಗೆರೆಯನ್ನು ಬಣ್ಣದ ಹಿಂದಕ್ಕೆ ಕಳಿಸುವ ಆಯ್ಕೆ ಇದೆ, ಅದನ್ನು ಒತ್ತಿ. ಗೆರೆಯ ದಪ್ಪ ಒಡಲಿನ ಎತ್ತರದ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಾಗದಿರಲಿ.

ಅತಿ ದಪ್ಪ ಫಾಂಟು, ಸಣ್ಣ ಗಾತ್ರ: ‘ದ’ ಮತ್ತು ‘ಧ’ದ ನಡುವೆ ಇರುವುದು ಒಂದು ಸಣ್ಣ ಗೀರು. ಅದು ಶಾಯಿಯಲ್ಲಿ ತುಂಬಿಕೊಂಡರೆ ‘ಧನಲಕ್ಷ್ಮಿ’ ಹೋಗಿ ‘ದನಲಕ್ಷ್ಮಿ’ ಆಗುತ್ತದೆ. ‘ಬ-ಭ’, ‘ಪ-ಫ’ಗಳದ್ದೂ ಇದೇ ಪಾಡು. ಒಡಲು 2.5 ಮಿ.ಮೀ.ಗಿಂತ ಸಣ್ಣದಾದರೆ ಮಧ್ಯಮ ದಪ್ಪ ಸಾಕು.

ಇಂಗ್ಲಿಷ್ ಅಕ್ಷರದ ಜೊತೆಗಾರಿಕೆ: ಒಂದೇ ಸಾಲಿನಲ್ಲಿ ಎರಡೂ ಬಂದರೆ ಪಾಯಿಂಟ್ ಸಮ ಮಾಡಬೇಡಿ. ಇಂಗ್ಲಿಷಿನ ಸಣ್ಣಕ್ಷರದ ಎತ್ತರಕ್ಕಿಂತ ಕನ್ನಡದ ಒಡಲು ಕೂದಲೆಳೆ ದೊಡ್ಡದು ಕಾಣುವವರೆಗೆ ಇಂಗ್ಲಿಷನ್ನು ಇಳಿಸಿ. ಅಂಕಿ ಕನ್ನಡದ್ದಾದರೆ ಇಡೀ ಕೆಲಸಕ್ಕೆ ಕನ್ನಡದ್ದೇ ಇರಲಿ. ತಾರೀಖು ಒಂದು ಲಿಪಿಯಲ್ಲಿ, ಫೋನ್ ನಂಬರ್ ಇನ್ನೊಂದು ಲಿಪಿಯಲ್ಲಿ ಆಗಬಾರದು.

ಅಕ್ಷರ ಒಡೆಯುವುದೇಕೆ, ತಡೆಯುವುದು ಹೇಗೆ

ಗಿರಾಕಿ ವಾಟ್ಸಾಪಿನಲ್ಲಿ ಕಳಿಸುವ ಮಜಕೂರು ಯೂನಿಕೋಡ್. ಅಂಗಡಿಯ ಹಳೆಯ ಕಡತಗಳು ನುಡಿ, ಬರಹ ಅಥವಾ ಶ್ರೀಲಿಪಿ ಎಂಬ ತಂತ್ರಾಂಶಗಳ ಹಳೆ ಸಂಕೇತದಲ್ಲಿ ಇರುತ್ತವೆ. ಹಳೆ ಸಂಕೇತದಲ್ಲಿ ಕಂಪ್ಯೂಟರಿನ ಒಳಗಿರುವುದು ಇಂಗ್ಲಿಷಿನ ಚಿಹ್ನೆಗಳೇ. ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ ಅಷ್ಟೇ. ಫಾಂಟು ಬದಲಾದರೆ ಅರ್ಥವಾಗದ ಚಿಹ್ನೆಗಳ ರಾಶಿ ಕಾಣುವುದು ಇದರಿಂದ. ಹೊಸ ಕೆಲಸವನ್ನೆಲ್ಲ ಯೂನಿಕೋಡಿನಲ್ಲೇ ಮಾಡಿ. ಹಳೆಯದನ್ನು ಪರಿವರ್ತಿಸಿದರೆ ಅರ್ಕಾವೊತ್ತು, ಎರಡು ಒತ್ತಿನ ಅಕ್ಷರ, ‘ಕೃ’ದಂಥ ವಟ್ರಸುಳಿ, ಸಾಲಿನ ಕೊನೆಯ ಅರ್ಧಾಕ್ಷರ ಈ ನಾಲ್ಕನ್ನು ತಪ್ಪದೆ ಓದಿ ನೋಡಿ. ಪರಿವರ್ತಕಗಳು ಎಡವುವುದು ಇಲ್ಲೇ.

ಯೂನಿಕೋಡ್ ಇದ್ದೂ ‘ಕ್ಷ’ವು ‘ಕ್’ ಮತ್ತು ‘ಷ’ ಆಗಿ ಬಿಡಿಬಿಡಿಯಾಗಿ ಕಂಡರೆ ತಂತ್ರಾಂಶಕ್ಕೆ ಭಾರತೀಯ ಲಿಪಿ ಜೋಡಿಸುವ ವ್ಯವಸ್ಥೆ ಚಾಲೂ ಆಗಿಲ್ಲ ಎಂದು ತಿಳಿಯಿರಿ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಮೆನು ತೆರೆದು ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ. ಇಲ್ಲಸ್ಟ್ರೇಟರ್‌ನಲ್ಲಿ ಪ್ರಿಫರೆನ್ಸಸ್, ಅದರೊಳಗೆ ಟೈಪ್, ಅಲ್ಲಿ ಶೋ ಇಂಡಿಕ್ ಆಪ್ಶನ್ಸ್ ಹಾಕಿ, ಬಳಿಕ ಪ್ಯಾರಾಗ್ರಾಫ್ ಮೆನುವಿನಲ್ಲಿ ದಕ್ಷಿಣ ಏಷ್ಯಾದ ಕಂಪೋಸರ್ ಆರಿಸಿ. ಕಡತ ಪ್ರೆಸ್ಸಿಗೆ ಹೋಗುವ ಮುನ್ನ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಫಾಂಟು ಬೇಡದ ಗೆರೆಚಿತ್ರವಾಗಿಸಿ. ಕೋರೆಲ್‌ನಲ್ಲಿ ಕಂಟ್ರೋಲ್ ಮತ್ತು ಕ್ಯೂ. ತಿದ್ದಲು ಬರುವ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಟ್ಟೇ ಇದನ್ನು ಮಾಡಬೇಕು. ಕೊನೆಯ ಪ್ರೂಫನ್ನು ಕರ್ವ್ ಆದ ಪ್ರತಿಯಿಂದಲೇ ಓದಿ, ಏಕೆಂದರೆ ಅಪರೂಪಕ್ಕೊಮ್ಮೆ ಆ ಹೆಜ್ಜೆಯಲ್ಲೂ ಒತ್ತು ಕಳೆದುಹೋಗುತ್ತದೆ.

ಆರು ಮತ್ತು ಏಳನೆಯ ವಾರ: ಜಾಗ ಹಂಚುವುದು

ಲಗ್ನಪತ್ರಿಕೆ ತೆಗೆದುಕೊಳ್ಳಿ. ಕಾರ್ಡು 7 ಇಂಚು ಅಗಲ, 5 ಇಂಚು ಎತ್ತರ ಎಂದಿಟ್ಟುಕೊಳ್ಳೋಣ, ಅಂದರೆ 178 ಮತ್ತು 127 ಮಿ.ಮೀ. ಕಂಪ್ಯೂಟರ್ ಮುಟ್ಟುವ ಮೊದಲು ಮಜಕೂರನ್ನು ಮೂರು ಗುಂಪು ಮಾಡಿ. ವಧೂವರರ ಹೆಸರು ಮೊದಲನೆಯದು. ದಿನ, ಅಕ್ಷತೆಯ ವೇಳೆ, ಸ್ಥಳ ಎರಡನೆಯದು. ‘ಪ್ರಸನ್ನ’ ಸಾಲು, ತಂದೆ ತಾಯಿ, ಸುಖಾಗಮನ ಬಯಸುವವರು ಮೂರನೆಯದು. ಮದುವೆಯ ದಿನ ಬೆಳಿಗ್ಗೆ ಜನ ಪತ್ರಿಕೆಯನ್ನು ಮತ್ತೆ ತೆಗೆದು ನೋಡುವುದು ಎರಡನೆಯ ಗುಂಪಿಗಾಗಿ. ಅದನ್ನು ಮೂರನೆಯ ಗುಂಪಿನ ಗಾತ್ರದಲ್ಲಿ ಹೂತಿಡುವುದು ನಮ್ಮ ಪತ್ರಿಕೆಗಳ ದೊಡ್ಡ ದೋಷ.

ಈಗ ಲೆಕ್ಕ. ಮೇಲೆ ಕೆಳಗೆ 12 ಮಿ.ಮೀ. ಬಿಟ್ಟರೆ 103 ಉಳಿಯಿತು. ಹೆಸರಿನ ಒಡಲು 8 ಮಿ.ಮೀ. ಇದ್ದರೆ ಸಾಲೊಂದಕ್ಕೆ ಕಡಿಮೆಯೆಂದರೂ 16 ಬೇಕು, ಎರಡು ಸಾಲಿಗೆ 32. ದಿನ-ವೇಳೆ-ಸ್ಥಳದ ಒಡಲು 4, ಸಾಲಿಗೆ 8, ಮೂರು ಸಾಲಿಗೆ 24. ಉಳಿದವಕ್ಕೆ ಒಡಲು 2.2, ಸಾಲಿಗೆ 4.5, ಎಂಟು ಸಾಲಿಗೆ 36. ಒಟ್ಟು 92. ಮಿಕ್ಕ 11 ಮಿ.ಮೀ. ಗುಂಪುಗಳ ನಡುವಿನ ತೆರಪು. ಅಂದರೆ ಈ ಮುಖದಲ್ಲಿ ‘ಪ್ರಸನ್ನ’ ಸಾಲು, ಬಂಧುಗಳ ಹೆಸರು ಎಲ್ಲ ಸೇರಿ ಹೆಚ್ಚೆಂದರೆ ಎಂಟೇ ಸಾಲು. ಗಿರಾಕಿ ಇಪ್ಪತ್ತು ಸಾಲು ತಂದರೆ ಅಕ್ಷರ ಕುಗ್ಗಿಸಬೇಡಿ. ಹೆಸರುಗಳಿಗೆ ಇನ್ನೊಂದು ಮುಖ ಕೊಡಿ. ಲೆಕ್ಕ ತೋರಿಸಿದರೆ ಮನೆಯ ಹಿರಿಯರೂ ಒಪ್ಪುತ್ತಾರೆ. ‘ಚೆಂದ ಕಾಣುವುದಿಲ್ಲ’ ಎಂದಷ್ಟೇ ಹೇಳಿದರೆ ಒಪ್ಪುವುದಿಲ್ಲ.

ಗುಂಪಿನ ಒಳಗಿನ ಅಂತರಕ್ಕಿಂತ ಗುಂಪುಗಳ ನಡುವಿನ ಅಂತರ ಎದ್ದು ಕಾಣುವಷ್ಟು ಹೆಚ್ಚಿರಬೇಕು. ಒಂದು ಹಂತದ ಅಕ್ಷರಕ್ಕೂ ಮುಂದಿನದಕ್ಕೂ ಒಂದೂವರೆ ಪಟ್ಟಿಗಿಂತ ಕಡಿಮೆ ಫರಕಿದ್ದರೆ ಅದು ಬೇಕೆಂದು ಮಾಡಿದ್ದೋ ತಪ್ಪಿ ಆದದ್ದೋ ತಿಳಿಯುವುದಿಲ್ಲ. ಕನ್ನಡದಲ್ಲಿ ದೊಡ್ಡಕ್ಷರ-ಸಣ್ಣಕ್ಷರ ಎಂಬುದಿಲ್ಲವಾದ್ದರಿಂದ ಮೇಲುಕೆಳಗು ತೋರಿಸಲು ಇರುವುದು ಗಾತ್ರ, ದಪ್ಪ, ಬಣ್ಣ, ತೆರಪು ಇವಿಷ್ಟೇ.

ಅಂಚಿನ ಬಳ್ಳಿಗೆ ಕಸೂತಿಯೇ ಗುರು. ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಅರಿವೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿಯೇ ಹಾಕುತ್ತಾರೆ. ಗವಂತಿ ಮತ್ತು ಮುರ್ಗಿ ಬಟ್ಟೆಯ ಎರಡೂ ಮೈಯಲ್ಲಿ ಒಂದೇ ಥರ ಕಾಣುತ್ತವೆ. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಗ್ರಾಫ್ ಪುಸ್ತಕದಲ್ಲಿ 12 ಮನೆಗೆ 12 ಮನೆಯ ಗೋಪುರವನ್ನೋ ತೇರನ್ನೋ ಎಣಿಸಿ ಕೂರಿಸಿ, ಸಾಲಾಗಿ ಮುಂದುವರಿಸಿ. ತೊಡಕು ಬರುವುದು ಮೂಲೆಯಲ್ಲಿ. ಅದೇ ಅಳತೆಯ, ಮಜಕೂರು ಕಡಿಮೆಯಿರುವ ಕಾರ್ಡಿಗೆ ಅಂಚಿನಿಂದ 5 ಮಿ.ಮೀ. ಒಳಗೆ ಚೌಕಟ್ಟು ಬಂದರೆ ಅಳತೆ 168 ಮತ್ತು 117. ಪ್ರತಿ ಮೂಲೆಗೆ 12 ಮಿ.ಮೀ. ಚೌಕ ಕೊಟ್ಟರೆ ಅಗಲದಲ್ಲಿ 144 ಉಳಿದು 12ರ ಬಳ್ಳಿ ಹನ್ನೆರಡು ಸಲ ಸರಿಯಾಗಿ ಕೂರುತ್ತದೆ. ಎತ್ತರದಲ್ಲಿ ಉಳಿಯುವುದು 93. ಏಳೂ ಮುಕ್ಕಾಲು ಬಳ್ಳಿ. ಮುಕ್ಕಾಲನ್ನು ಕತ್ತರಿಸಬೇಡಿ. ಎತ್ತರದ ಬಳ್ಳಿಯನ್ನು 11.6 ಮಿ.ಮೀ.ಗೆ ಕುಗ್ಗಿಸಿದರೆ ಎಂಟು ಪೂರ್ತಿ ಬರುತ್ತವೆ, ಆ ಮೂರು ಪ್ರತಿಶತದ ಫರಕು ಯಾರ ಕಣ್ಣಿಗೂ ಬೀಳದು. ಬಿಡುವಾದಾಗ ನವಲಗುಂದದ ಜಮಖಾನೆ ನೋಡಿ, ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲುವಾಡದ ಮುಂದೆ ಸ್ಕೆಚ್ ಪುಸ್ತಕ ಹಿಡಿದು ಒಂದು ತಾಸು ಕೂಡಿರಿ. ಡಂಬಳದ ದೊಡ್ಡಬಸಪ್ಪನ ಗುಡಿಯ ತಳವಿನ್ಯಾಸ ನಕ್ಷತ್ರದಂತಿದೆ. ಚೌಕವನ್ನು ಅದೇ ನಡುಬಿಂದುವಿನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಕಾಗದದ ಮೇಲೆ ಬರೆದು ನೋಡಿದರೆ ಆ ಆಕಾರ ಹುಟ್ಟುವ ಬಗೆ ತಿಳಿಯುತ್ತದೆ.

ಬ್ಯಾನರಿಗೆ ಲೆಕ್ಕ ಬೇರೆ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬುದು ಬೋರ್ಡು ಬರೆಯುವವರ ಲೆಕ್ಕ. ಕನ್ನಡದಲ್ಲಿ ಅದನ್ನು ಒಡಲಿನ ಎತ್ತರ ಎಂದೇ ಹಿಡಿಯಿರಿ. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ಬಸ್ಸಿನೊಳಗಿಂದ 60 ಅಡಿ ದೂರದಲ್ಲಿ ಓದಬೇಕೆಂದರೆ 6 ಇಂಚು. 10 ಅಡಿ ಅಗಲ, 6 ಅಡಿ ಎತ್ತರದ ಬ್ಯಾನರಿನಲ್ಲಿ ಮೇಲೆ ಕೆಳಗೆ ಅರ್ಧರ್ಧ ಅಡಿ ಬಿಟ್ಟರೆ 60 ಇಂಚು. ಸಾಲೊಂದಕ್ಕೆ ಕಡಿಮೆಯೆಂದರೂ 12 ಇಂಚು ಬೇಕು, ಅಂದರೆ ಹೆಚ್ಚೆಂದರೆ ಐದೇ ಸಾಲು. ಕೆಳಗಿನ ಅರ್ಧವನ್ನು ಶುಭ ಕೋರುವವರ ಫೋಟೊಗಳಿಗೆ ಕೊಟ್ಟರೆ ಓದಬಲ್ಲ ಸಾಲು ಎರಡು ಮಾತ್ರ. ಇನ್ನೊಂದು ಮಾತು: 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಅರಿವೆಯ ಬ್ಯಾನರ್ ಮಾಡುವಾಗ ಶಾಯಿ ಎಳೆಯಲ್ಲಿ ಹರಡಿ ತೆಳು ಗೀಟು ಮಸುಕಾಗುತ್ತದೆ, ಆದ್ದರಿಂದ ಅಲ್ಲಿ ಒಂದು ಹಂತ ದಪ್ಪ ಅಕ್ಷರ ಹಾಕಿ.

ಮೊಬೈಲಿಗೆ ಮಾಡುವ ಆಮಂತ್ರಣಕ್ಕೂ ಸ್ಕೇಲ್ ಬೇಕು. 1080 ಪಿಕ್ಸೆಲ್ ಅಗಲದ ಚಿತ್ರ ಸುಮಾರು 65 ಮಿ.ಮೀ. ಅಗಲದ ಪರದೆಯಲ್ಲಿ ಕಾಣುತ್ತದೆ, ಒಂದು ಮಿ.ಮೀ.ಗೆ ಹದಿನಾರು ಹದಿನೇಳು ಪಿಕ್ಸೆಲ್. 35 ಪಿಕ್ಸೆಲ್‌ಗಿಂತ ಚಿಕ್ಕ ಒಡಲು ಹಿರಿಯರಿಗೆ ಓದಲಾಗದು.

ಎಂಟನೆಯ ವಾರ: ಬಣ್ಣ

ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ನಾಲ್ಕು ಶಾಯಿಯಿಂದ. ಕೆಲಸವನ್ನು ಸಿಎಂವೈಕೆಯಲ್ಲೇ (ಸಯಾನ್, ಮೆಜೆಂಟಾ, ಹಳದಿ, ಕಪ್ಪು ಈ ನಾಲ್ಕು ಶಾಯಿಯ ಲೆಕ್ಕದಲ್ಲಿ) ಶುರು ಮಾಡಿ. ಸಣ್ಣ ಅಕ್ಷರದ ಕಪ್ಪು ಯಾವಾಗಲೂ ಕಪ್ಪು ಶಾಯಿ 100 ಪ್ರತಿಶತ, ಉಳಿದ ಮೂರೂ ಸೊನ್ನೆ. ಪರದೆಯ ಕಪ್ಪನ್ನು ಹಾಗೆಯೇ ಪರಿವರ್ತಿಸಿದರೆ ನಾಲ್ಕೂ ಶಾಯಿ ಸೇರಿಕೊಳ್ಳುತ್ತವೆ, ಪ್ಲೇಟು ಕೂದಲಷ್ಟು ಸರಿದರೂ ಒತ್ತಕ್ಷರದ ಸುತ್ತ ಕೆಂಪು ನೀಲಿ ನೆರಳು ಏಳುತ್ತದೆ. ದೊಡ್ಡ ಕಪ್ಪು ಹಿನ್ನೆಲೆಗೆ ಮಾತ್ರ ಸಯಾನ್ 40, ಮೆಜೆಂಟಾ 30, ಹಳದಿ 30, ಕಪ್ಪು 100 ಕೂಡಿಸಿ. ನೀಲಿ ಬೇಕಾದಲ್ಲಿ ಸಯಾನ್ 100, ಮೆಜೆಂಟಾ 70ರ ಒಳಗೆ ಇರಲಿ. ಎರಡೂ 100 ಆದರೆ ಅದು ನೇರಳೆಯಾಗಿ ಬರುತ್ತದೆ. ನಾಲ್ಕು ಶಾಯಿಯಲ್ಲಿ ಮಾಡಿದ ಚಿನ್ನದ ಬಣ್ಣ ಸಾಸಿವೆಯಂತೆ ಕಾಣುತ್ತದೆ. ಹೊಳಪು ಬೇಕೆಂದರೆ ಫಾಯಿಲ್ (ಒತ್ತಿ ಅಂಟಿಸುವ ಹೊಳೆಯುವ ತೆಳು ಹಾಳೆ), ಅದಕ್ಕೆ ಬೇರೆ ಬ್ಲಾಕು, ಬೇರೆ ಖರ್ಚು. ಇದನ್ನು ಮೊದಲೇ ಹೇಳಿಬಿಡಿ.

ಬಣ್ಣ ಹೊಂದುತ್ತದೆಯೋ ಇಲ್ಲವೋ ಎಂದು ನೋಡಲು ಸುಲಭದ ದಾರಿ: ಕೆಲಸವನ್ನು ಒಮ್ಮೆ ಕಪ್ಪು-ಬಿಳುಪಿಗೆ ತಿರುಗಿಸಿ. ಹಸಿರಿನ ಮೇಲಿನ ಕೆಂಪು ಅಕ್ಷರ ಆಗ ಮಾಯವಾಗುತ್ತದೆ. ಎರಡೂ ಒಂದೇ ಗಾಢತೆಯವು, ಕಣ್ಣಿಗೆ ಚುಚ್ಚುತ್ತವೆ, ಓದಿಸುವುದಿಲ್ಲ. ಬಿಳಿಯ ಮೇಲೆ ಅರಿಶಿಣದ ಬಣ್ಣವೂ ನಿಲ್ಲದು. ಅರಿಶಿಣದ ಮೇಲೆ ಗಾಢ ಕುಂಕುಮಗೆಂಪು ನಿಲ್ಲುತ್ತದೆ. ಮೊಬೈಲಿನಲ್ಲಿ ಓದುವ ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬೆಳಕಿನ ಅಂತರ ಇರಬೇಕೆಂಬುದು ವೆಬ್ ಸುಲಭಬಳಕೆಯ ಮಾನದಂಡ. ಅಳೆಯುವ ಉಚಿತ ಸಾಧನಗಳು ಸಿಗುತ್ತವೆ.

ಒಂಬತ್ತು ಮತ್ತು ಹತ್ತನೆಯ ವಾರ: ಪ್ರೆಸ್ಸಿನಲ್ಲಿ ನಿಲ್ಲುವುದು

ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರಿದೆ. ಮಷಿನ್ ನಡೆಸುವವರಿಗೆ ಗೊತ್ತಿರುವಷ್ಟು ಕಾಗದದ ಗುಣ ಯಾವ ವಿಡಿಯೋ ಪಾಠದಲ್ಲೂ ಸಿಗದು. ನಿಮ್ಮದೇ ಕೆಲಸ ಮುದ್ರಣವಾಗುವ ದಿನ ಕೇಳಿಕೊಂಡು ಹೋಗಿ, ಮೊದಲ ಹಾಳೆ ಬರುವಾಗ ಪಕ್ಕದಲ್ಲಿ ನಿಲ್ಲಿ. ಬಣ್ಣ ಮೂಡಿಸುವ ಸಣ್ಣ ಚುಕ್ಕಿಗಳನ್ನು ಮಸೂರದಲ್ಲಿ ನೋಡಿ. ನಾಲ್ಕು ಬಣ್ಣದ ಗುರುತುಗಳು ಒಂದರ ಮೇಲೊಂದು ಕೂತಿವೆಯೇ, ಬಣ್ಣದ ಹಿನ್ನೆಲೆಯಲ್ಲಿ ಬಿಟ್ಟ ಬಿಳಿ ಅಕ್ಷರ ತುಂಬಿಕೊಂಡಿದೆಯೇ ಎಂದು ಗಮನಿಸಿ. ಹೊಳಪಿಲ್ಲದ ಮ್ಯಾಪ್‌ಲಿತೋ ಕಾಗದ ಶಾಯಿ ಹೀರಿ ಚುಕ್ಕಿ ಊದುತ್ತದೆ, ಫೋಟೊ ಕಪ್ಪಾಗುತ್ತದೆ. ಅದಕ್ಕೆ ಕಳಿಸುವ ಫೋಟೊವನ್ನು ಸ್ವಲ್ಪ ತಿಳಿ ಮಾಡಿ. ನುಣುಪು ಲೇಪದ ಆರ್ಟ್ ಪೇಪರಿನಲ್ಲಿ ಆ ತೊಂದರೆ ಕಡಿಮೆ.

ಕಳಿಸುವ ಮುನ್ನ: ಅಂಚಿನಾಚೆ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಹಿನ್ನೆಲೆ), ಅಂಚಿನಿಂದ ಒಳಗೆ 5 ಮಿ.ಮೀ.ವರೆಗೆ ಯಾವ ಅಕ್ಷರವೂ ಬಾರದಂತೆ ಎಚ್ಚರ, ಫೋಟೊ ಮುದ್ರಣದ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್. ದೊಡ್ಡ ಫ್ಲೆಕ್ಸಿಗೆ 72ರಿಂದ 100 ಸಾಕು. ವಾಟ್ಸಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಲು ಗಿರಾಕಿಗೆ ಹೇಳಿ.

ಮೂರು ಮಡಿಕೆಯ ಎ4 ಕರಪತ್ರದಲ್ಲಿ 297 ಮಿ.ಮೀ.ಯನ್ನು ಸಮ ಮೂರು ಪಾಲು ಮಾಡಿದರೆ ಒಳಗೆ ಮಡಚುವ ಪಾಲು ಉಬ್ಬುತ್ತದೆ. 100, 100, 97 ಎಂದು ಹಂಚಿ, ಹಿಂಬದಿಯಲ್ಲಿ ಅದನ್ನೇ ತಿರುವುಮುರುವು ಮಾಡಿ. ದಪ್ಪ ಕಾರ್ಡನ್ನು ಕಾಗದದ ನಾರಿಗೆ ಅಡ್ಡಲಾಗಿ ಮಡಚಿದರೆ ಮಡಿಕೆಯಲ್ಲಿ ಬಣ್ಣ ಬಿರುಕು ಬಿಡುತ್ತದೆ. ನಾರು ಯಾವ ಕಡೆಗಿದೆ ಎಂದು ಪ್ರೆಸ್ಸಿನವರನ್ನು ಕೇಳಿ, ಕ್ರೀಸ್ (ಮಡಚುವ ಜಾಗದಲ್ಲಿ ಒತ್ತಿದ ಗೆರೆ) ಹಾಕಿಸಿ. ಡೆಮಿ 1/8 ಪುಸ್ತಕ ಸುಮಾರು 5.5 ಮತ್ತು 8.5 ಇಂಚು, 16 ಪುಟದ ಫಾರ್ಮುಗಳಲ್ಲಿ, ಅಂದರೆ ಒಂದು ದೊಡ್ಡ ಹಾಳೆಗೆ 16 ಪುಟದಂತೆ, ಮುದ್ರಣವಾಗುತ್ತದೆ. 80 ಪುಟ ಅಂದರೆ ಐದು ಫಾರ್ಮು ಪೂರ್ತಿ. 83 ಪುಟದ ಹಸ್ತಪ್ರತಿ ಬಂದರೆ ಆರನೆಯ ಫಾರ್ಮಿನ ಖರ್ಚು ಲೇಖಕರ ಮೇಲೆ ಬೀಳುತ್ತದೆ. ಅಧ್ಯಾಯ ಶುರುವಾಗುವ ಜಾಗಗಳನ್ನು ತುಸು ಹೊಂದಿಸಿ ಅದನ್ನು ಉಳಿಸಿಕೊಡುವುದೂ ಡಿಸೈನರ ಕೆಲಸವೇ. ಬೆನ್ನಿನ ದಪ್ಪ ತಿಳಿಯಲು ಅದೇ ಕಾಗದದ ಖಾಲಿ ಡಮ್ಮಿ ಮಾಡಿಸಿ ಅಳೆಯಿರಿ.

ನಿಖರವಾಗಿ ಬರೆದುಕೊಡುವುದು ಹೇಗೆ ಎಂಬುದಕ್ಕೆ ಹುಬ್ಬಳ್ಳಿಯಲ್ಲೇ ಮಾದರಿ ಇದೆ. ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ತಯಾರಾಗುವ ರಾಷ್ಟ್ರಧ್ವಜಕ್ಕೆ ಅಗಲ-ಎತ್ತರ 3ಕ್ಕೆ 2, ಚಕ್ರಕ್ಕೆ 24 ಅರೆ, ಬಟ್ಟೆಗೂ ಬಣ್ಣಕ್ಕೂ ಭಾರತೀಯ ಮಾನಕದ ಪ್ರಕಾರ ಅಳತೆ ಗೊತ್ತುಮಾಡಿದೆ. ಊಹೆಗೆ ಎಡೆಯಿಲ್ಲ. ನೀವು ಪ್ರೆಸ್ಸಿಗೆ ಕೊಡುವ ಚೀಟಿಯಲ್ಲೂ ಕತ್ತರಿಸಿದ ಮೇಲಿನ ಅಳತೆ, ಕಾಗದದ ಹೆಸರು ಮತ್ತು ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ), ಬಣ್ಣದ ಸಂಖ್ಯೆ, ಮಡಿಕೆ, ಪ್ರತಿಗಳು, ತಲುಪಬೇಕಾದ ದಿನ ಬರೆದಿರಲಿ.

ಗಿರಾಕಿಯ ಮಾತು

‘ಇನ್ನೂ ಸ್ವಲ್ಪ ಎದ್ದು ಕಾಣಂಗ ಮಾಡ್ರಿ’ ಎಂದು ಗಿರಾಕಿ ಅಂದರೆ ಬಣ್ಣ ಹೆಚ್ಚಿಸಲು ಓಡಬೇಡಿ. ‘ಯಾವುದು ಎದ್ದು ಕಾಣಬೇಕ್ರಿ, ಹೆಸರೋ ದಿನವೋ?’ ಎಂದು ಕೇಳಿ. ಉತ್ತರ ಬಂದ ಮೇಲೆ ಅದೊಂದನ್ನು ದೊಡ್ಡದು ಮಾಡುವುದಕ್ಕಿಂತ ಉಳಿದದ್ದನ್ನು ತಗ್ಗಿಸುವುದು ಹೆಚ್ಚು ಫಲ ಕೊಡುತ್ತದೆ. ಎಲ್ಲವೂ ಎದ್ದು ಕಾಣಬೇಕು ಎಂದರೆ ಒಂದರಿಂದ ಐದರವರೆಗೆ ಕ್ರಮ ಹಾಕಿಸಿಕೊಳ್ಳಿ. ಎರಡು ಮಾದರಿ ತೋರಿಸಿ, ಐದು ಬೇಡ; ಐದು ತೋರಿಸಿದರೆ ಒಂದರ ಗಣಪತಿ, ಇನ್ನೊಂದರ ಬಣ್ಣ, ಮತ್ತೊಂದರ ಅಕ್ಷರ ಕೂಡಿಸಲು ಹೇಳುತ್ತಾರೆ.

ಪ್ರೂಫನ್ನು ಕಾಗದದ ಮೇಲೆ ಕೊಡಿ. ಹೆಸರು, ತಾರೀಖು, ವಾರ, ಫೋನ್ ನಂಬರ್ ಇವನ್ನು ಗಿರಾಕಿಯೇ ಗಟ್ಟಿಯಾಗಿ ಓದಲಿ, ನೀವು ಮೂಲ ಹಿಡಿದು ಕೇಳಿ. ತಾರೀಖಿಗೂ ವಾರಕ್ಕೂ ಹೊಂದಿಕೆ ಇದೆಯೇ ಎಂದು ಕ್ಯಾಲೆಂಡರ್ ತೆಗೆದು ನೋಡಿ. ಬಳಿಕ ಸಹಿ.

ಓದುವವರ ಪರೀಕ್ಷೆ ಇದಕ್ಕಿಂತ ಮೊದಲು ಆಗಿರಬೇಕು. ಕೆಲಸವನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ, ಚಹಾದಂಗಡಿಯಲ್ಲೋ ಬಸ್ ನಿಲ್ದಾಣದಲ್ಲೋ ಗುರುತಿಲ್ಲದ ಒಬ್ಬರಿಗೆ ಐದು ಸೆಕೆಂಡ್ ತೋರಿಸಿ ಮುಚ್ಚಿ. ‘ಅಣ್ಣಾರ, ಇದು ಏನ್ರಿ, ಎಲ್ಲಿ, ಯಾವಾಗ?’ ಮೂರಕ್ಕೂ ಉತ್ತರ ಬಂದರೆ ಸರಿ. ಐದು ಮಂದಿಯಲ್ಲಿ ಇಬ್ಬರು ಒಂದೇ ಕಡೆ ತಡವರಿಸಿದರೆ ಅಲ್ಲಿ ತಿದ್ದಿ. ಚೆಂದ ಇದೆಯೇ ಎಂದು ಕೇಳಬೇಡಿ, ಎಲ್ಲರೂ ಚೆಂದ ಇದೆ ಎಂದೇ ಹೇಳುತ್ತಾರೆ.

ಕೊನೆಯ ಎರಡು ವಾರ: ಒಂದೇ ಕೆಲಸ, ಮೂರು ಸಲ

ಮೊದಲ ವಾರ ಕೂಡಿಹಾಕಿದ್ದರಲ್ಲಿ ಅತ್ಯಂತ ಗೊಂದಲದ ಕರಪತ್ರ ತೆಗೆಯಿರಿ. ಮಜಕೂರು ಬದಲಿಸದೆ ಮೊದಲು ಒಂದೇ ಫಾಂಟು, ಒಂದೇ ಗಾತ್ರ, ಕಪ್ಪು ಮಾತ್ರ ಬಳಸಿ ಮಾಡಿ. ಕೈಯಲ್ಲಿರುವುದು ತೆರಪು ಒಂದೇ. ಎರಡನೆಯ ಸಲ ಮೂರು ಗಾತ್ರಕ್ಕೆ ಅವಕಾಶ. ಮೂರನೆಯ ಸಲ ಇನ್ನೊಂದು ಬಣ್ಣ, ಒಂದು ಚಿತ್ರ ಸೇರಿಸಿ. ಪ್ರತಿ ಸಲವೂ ಐದು ಮಂದಿಗೆ ತೋರಿಸಿ, ತಡವರಿಸಿದ ಜಾಗ ಬರೆದುಕೊಳ್ಳಿ. ಬಹಳ ಸಲ ಎರಡನೆಯದಕ್ಕೂ ಮೂರನೆಯದಕ್ಕೂ ಓದಿನಲ್ಲಿ ಫರಕೇ ಇರುವುದಿಲ್ಲ. ಆಗ ಚಿತ್ರ ಏಕೆ ಬೇಕಿತ್ತು ಎಂದು ಕೇಳಿಕೊಳ್ಳಿ. ಕೆಲವೊಮ್ಮೆ ಬೇಕಿರುತ್ತದೆ, ಅಕ್ಷರ ಓದಲು ಬಾರದವರಿಗೆ ತೇರಿನ ಚಿತ್ರವೇ ಜಾತ್ರೆಯ ಸುದ್ದಿ.

ಕೆಲಸ ಕೇಳಲು ಹೋಗುವಾಗ ಒಯ್ಯುವ ಸಂಪುಟಕ್ಕೆ ಆರು ಕೆಲಸ ಸಾಕು. ಪ್ರತಿಯೊಂದರ ಪಕ್ಕದಲ್ಲಿ ಮೊದಲಿನ ರೂಪ, ಹೊಸ ರೂಪ, ಒಡಲಿನ ಮತ್ತು ಸಾಲಿನ ಅಳತೆ, ಓದುವವರು ತಡವರಿಸಿದ ಜಾಗ, ಅದಕ್ಕೆ ಮಾಡಿದ ತಿದ್ದುಪಡಿ ಇವನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಮುದ್ರಿತ ಪ್ರತಿಯನ್ನೇ ಅಂಟಿಸಿ, ಪರದೆಯ ಚಿತ್ರವನ್ನಲ್ಲ. ಹನ್ನೆರಡನೆಯ ವಾರದ ಕೊನೆಯ ದಿನ ಅದೇ ಗ್ರಾಫ್ ಪುಸ್ತಕದ ಹೊಸ ಪುಟ ತೆರೆದು, ಅವತ್ತು ಅಂಗಡಿಯಿಂದ ಹೊರಗೆ ಹೋದ ನಿಮ್ಮ ಕೆಲಸವನ್ನು ಮೊದಲ ದಿನ ಮಾಡಿದ ಹಾಗೆಯೇ ಸ್ಕೇಲ್ ಇಟ್ಟು ಅಳೆಯಿರಿ: ನಾಲ್ಕು ಅಂಚು, ಫಾಂಟು ಎಷ್ಟು, ಗಾತ್ರ ಎಷ್ಟು, ಟ್ರೇಸಿಂಗ್ ಪೇಪರಿನ ಮೇಲೆ ಚೌಕ ಎಷ್ಟು.